ತಟ್ಟೆಮೀನಿನ ಮೈಹಾಲು

ಜರ್ಮನಿಗೆ ಬಂದ ಮೂರನೆಯ ಚಳಿಗಾಲದಲ್ಲಿ ನಾನು ಮನೆಗೆ ಡಿಸ್ಕಸ್ ಮೀನು ತಂದೆ. ಹೊರಗೆ ಸಂಜೆ ನಾಲ್ಕೂವರೆಗೇ ಕತ್ತಲು. ಒಳಗೆ 29 ಡಿಗ್ರಿ ಬೆಚ್ಚನೆಯ ನೀರಿನಲ್ಲಿ ತಟ್ಟೆಯಂತೆ ದುಂಡಗಿನ, ಚಪ್ಪಟೆಯಾದ ಮೀನುಗಳು. ಊರ ಕೆರೆಯ ಮೀನನ್ನಷ್ಟೇ ಕಂಡಿದ್ದ ನನಗೆ ಮೀನಿಗೆ ಹೀಟರ್ ಹಾಕುವುದೇ ವಿಚಿತ್ರವೆನಿಸಿತ್ತು.

ಈ ಮೀನಿಗೂ ಜರ್ಮನ್ ಮಾತಾಡುವ ನಾಡುಗಳಿಗೂ ಹಳೆಯ ನಂಟು. ಆಸ್ಟ್ರಿಯಾದ ರಾಜಕುಮಾರಿ ಲಿಯೊಪೋಲ್ಡಿನಾಳ ಮದುವೆಯ ನಿಮಿತ್ತ 1817ರಲ್ಲಿ ಬ್ರೆಜಿಲ್‌ಗೆ ಹೊರಟ ವಿಜ್ಞಾನಿಗಳ ತಂಡದಲ್ಲಿ ಯೋಹಾನ್ ನಾಟರರ್ ಇದ್ದ. ಜೊತೆಯವರು ಮರಳಿದರೂ ಆತ ಸುಮಾರು 18 ವರ್ಷ ಅಲ್ಲೇ ಅಲೆದು, ಪ್ರಾಣಿಪಕ್ಷಿಗಳನ್ನು ಸಂಗ್ರಹಿಸಿ ವಿಯೆನ್ನಾಕ್ಕೆ ಕಳಿಸಿದ. ಆ ಸಂಗ್ರಹದಲ್ಲಿದ್ದ ರಿಯೊ ನೆಗ್ರೊ ನದಿಯ ಮೀನನ್ನು ಯೋಹಾನ್ ಯಾಕೋಬ್ ಹೆಕೆಲ್ 1840ರಲ್ಲಿ ವರ್ಣಿಸಿ 'ಸಿಂಫಿಸೊಡಾನ್ ಡಿಸ್ಕಸ್' ಎಂದು ಹೆಸರಿಟ್ಟ. ಆತ ಕಂಡದ್ದು ಸತ್ತ ಮೀನನ್ನು. ಜೀವಂತ ಡಿಸ್ಕಸ್ ಜರ್ಮನಿಯ ಅಕ್ವೇರಿಯಂ ತಲುಪಲು 1920ರ ದಶಕದವರೆಗೆ ಕಾಯಬೇಕಾಯಿತು.

ತಂದದ್ದಾಯಿತು, ಸಾಕುವುದು ಹೇಗೆ? ರಿಯೊ ನೆಗ್ರೊದ ನೀರು ಕಾಫಿ ಡಿಕಾಕ್ಷನ್‌ನಂತೆ ಕಂದು. ಸುಣ್ಣದ ಅಂಶ ಇಲ್ಲವೆನ್ನುವಷ್ಟು ಮೆದು, ಸ್ವಲ್ಪ ಹುಳಿ. ನಮ್ಮೂರ ನಲ್ಲಿಯ ನೀರೋ, ಕೆಟಲಿನ ತಳದಲ್ಲಿ ಬಿಳಿ ಹೊಪ್ಪಳೆ ಕಟ್ಟುವಂಥದ್ದು. ಇಂಥ ಗಡಸು ನೀರಿನಲ್ಲಿ ದೊಡ್ಡ ಮೀನು ಬದುಕೀತು, ಮೊಟ್ಟೆ ಫಲಿಸುವುದು ಕಷ್ಟ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಏಂಜಲ್ ಮೀನು ತನ್ನ ಮೊಟ್ಟೆಯನ್ನು ತಾನೇ ತಿಂದುಬಿಡುವುದುಂಟು. ಹಾಗಾಗಿ ಸಾಕುವವರು ಮೊಟ್ಟೆಗಳನ್ನು ಬೇರೆ ತೊಟ್ಟಿಗೆ ಹಾಕುತ್ತಿದ್ದರು. ಡಿಸ್ಕಸ್‌ಗೂ ಹಾಗೇ ಮಾಡಿದಾಗ ಮರಿಗಳು ಒಡೆದು ಹೊರಬಂದು, ಈಜಲು ಕಲಿತು, ಹಸಿದು ಸತ್ತವು. ತಂದೆತಾಯಿಗಳ ಮೈಮೇಲಿನ ಲೋಳೆಯೇ ಮರಿಗಳ ಮೊದಲ ಆಹಾರವೆಂದು ಅನುಭವದಿಂದ ತಿಳಿಯಬೇಕಾಯಿತು. ಕ್ಯಾಲಿಫೋರ್ನಿಯಾದ ವಿಲಿಯಂ ಹಿಲ್ಡೆಮನ್ 1959ರಲ್ಲಿ ಇದನ್ನು ವಿಜ್ಞಾನ ಪತ್ರಿಕೆಯಲ್ಲಿ ವಿವರಿಸಿದ. ಇದು ತಾಯಿಯೊಬ್ಬಳ ಕೆಲಸವಲ್ಲ. ತಂದೆಯೂ ಸರದಿಯಂತೆ ಮರಿಗಳಿಗೆ ಮೈಯೊಡ್ಡುತ್ತಾನೆ. ಮುಂದೆ ಬಾದ್ ಹೋಂಬುರ್ಗ್‌ನ ವೈದ್ಯ ಎಡ್ವರ್ಡ್ ಷ್ಮಿಟ್-ಫೋಕೆ ದಶಕಗಳ ಕಾಲ ಡಿಸ್ಕಸ್ ತಳಿಗಳನ್ನು ಬೆಳೆಸಿ ಹೆಸರಾದರು. ಅಮೆರಿಕದ ಜ್ಯಾಕ್ ವಾಟ್ಲಿ ಮೊಟ್ಟೆಯ ಹಳದಿ ಲೋಳೆಯನ್ನು ಪಾತ್ರೆಯ ಅಂಚಿಗೆ ಸವರಿ, ತಂದೆತಾಯಿಗಳಿಲ್ಲದೆಯೂ ಮರಿ ಸಾಕಿ ತೋರಿಸಿದರು. ಅದು ಹಗಲೂ ರಾತ್ರಿ ನೀರು ಬದಲಿಸುತ್ತಾ ಕೂರುವ ಕೆಲಸ.

ಇದನ್ನೆಲ್ಲ ಓದುವ ಮೊದಲೇ ನನ್ನ ಜೋಡಿ ಮೊಟ್ಟೆಯಿಟ್ಟಿತು. ನಾನೂ ಅದೇ ಹಳೆಯ ತಪ್ಪು ಮಾಡಿದೆ. ಮೊಟ್ಟೆಗಳನ್ನು ಬೇರೆ ತೊಟ್ಟಿಗೆ ಸಾಗಿಸಿದೆ; ವಾರ ಕಳೆದು ಸ್ವಲ್ಪ ದಿನಕ್ಕೆ ಒಂದು ಮರಿಯೂ ಉಳಿಯಲಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಮನೆಯ ಕೊಟ್ಟಿಗೆ ನೋಡಿಕೊಂಡವಳು ಆಕೆ. "ಹಾಲು ಕುಡಿಯೋ ಕರುನ ಹುಟ್ಟಿದ ದಿನವೇ ದೂರ ಕಟ್ತಾರೇನೋ?" ಎಂದಳು. ಮೀನಿಗೆಲ್ಲಿಯ ಹಾಲು ಎಂದು ನಾನು ನಕ್ಕಿದ್ದೆ.

ನಗು ಹೆಚ್ಚು ದಿನ ಉಳಿಯಲಿಲ್ಲ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಆಮೇಲೆ ಓದಿದೆ. ಮರಿ ಸಾಕುವ ಕಾಲದಲ್ಲಿ ಆ ಲೋಳೆಯಲ್ಲಿ ಪ್ರೋಟೀನೂ ರೋಗನಿರೋಧಕ ಅಂಶಗಳೂ ಹೆಚ್ಚುತ್ತವೆ. ಮೂರನೆಯ ವಾರದಿಂದ ತಂದೆತಾಯಿಗಳು ಮರಿಗಳನ್ನು ಬಿಟ್ಟು ದೂರ ಈಜತೊಡಗುತ್ತವೆ. ಮರಿಗಳು ಬೇರೆ ಆಹಾರ ಹುಡುಕಿಕೊಳ್ಳುತ್ತವೆ. ಕರುವಿಗೆ ಹಾಲು ಬಿಡಿಸುವ ಹಾಗೆಯೇ.

ಎರಡನೆಯ ಸಲ ಮೊಟ್ಟೆಯಿಟ್ಟಾಗ ನೀರನ್ನು ಶೋಧಿಸಿ ಮೆದು ಮಾಡಿದ್ದೆ, ಆಮೇಲೆ ಕೈ ಹಾಕಲಿಲ್ಲ. ಆರನೆಯ ಬೆಳಿಗ್ಗೆ ಗಂಡುಮೀನಿನ ಮೈಗೆ ಎಳ್ಳಿನಂಥ ಮರಿಗಳು ಅಂಟಿಕೊಂಡಿದ್ದವು. ವಿಡಿಯೊ ಕಾಲ್ ಮಾಡಿ ಅಮ್ಮನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ನೀನು ಊಟ ಮಾಡಿದ್ಯಾ?" ಎಂದು ಕೇಳಿದಳು.