ಬಂಡೆಗಳ ನಡುವೆ ಎದ್ದ ಊರು, ಇಳಿದ ಊರು

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಸುಮಾರು 50 ಕಿಲೋಮೀಟರ್ ಸಾಗಿದರೆ ರಾಮನಗರ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು ಇದು. ಆದರೆ ಹೊರಗಿನಿಂದ ಬಂದ ಪ್ರವಾಸಿ ಮೊದಲು ಕೇಳುವುದು ರೇಷ್ಮೆಯ ವಿಚಾರವನ್ನಲ್ಲ. ಪಕ್ಕದ ರಾಮದೇವರ ಬೆಟ್ಟದ ಬೋಳು ಬಂಡೆಗಳತ್ತ ಕೈ ತೋರಿಸಿ, ‘ಗಬ್ಬರ್ ಸಿಂಗ್ ಇದ್ದದ್ದು ಎಲ್ಲಿ? ಠಾಕೂರರ ಮನೆ ಎಲ್ಲಿ?’ ಎಂದು ಕೇಳುತ್ತಾನೆ. ಬಂಡೆಗಳನ್ನು ತೋರಿಸಬಹುದು. ಮನೆಯನ್ನು ತೋರಿಸಲಾಗದು. ‘ಶೋಲೆ’ ಚಿತ್ರದ ರಾಮಗಢವೆಂಬ ಇಡೀ ಹಳ್ಳಿ ಈ ಬೆಟ್ಟಗಳ ಮಡಿಲಲ್ಲಿ ಎದ್ದು, ಕೆಲಸ ಮುಗಿದ ಮೇಲೆ ಇಲ್ಲವಾಯಿತು.

ಪುರಾತನವಾದ ಒಂದು ತಾಣದಲ್ಲಿ ಬೃಹತ್ ಕಲಾಕೃತಿಯೊಂದನ್ನು ನಿಲ್ಲಿಸುವುದೆಂದರೆ ಏನು? ಅದಕ್ಕೆ ಯಾವ ಸಿದ್ಧತೆ ಬೇಕು? ಕಲಾಕೃತಿ ಹೋದ ಮೇಲೆ ಆ ನೆಲ ಹೇಗಿರಬೇಕು? ಇಂದು ಜಗತ್ತಿನ ಹಲವೆಡೆ ಚರ್ಚೆಯಾಗುತ್ತಿರುವ ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ರಾಮನಗರ ಮತ್ತು ಮಾಗಡಿಯ ಬೆಟ್ಟಗಳ ಇನ್ನೂರು ವರ್ಷಗಳ ಚರಿತ್ರೆಯಲ್ಲೇ ಉತ್ತರವಿದೆ.

ಕೋಟೆಯ ಬೆಟ್ಟಗಳು

ಈ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಭೂವಿಜ್ಞಾನಿಗಳು ಇದನ್ನು ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದು ಕರೆಯುತ್ತಾರೆ. ಆ ಹೆಸರು ಬಂದದ್ದು ಊರಿನ ಹಳೆಯ ಹೆಸರಿನಿಂದ. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಎನಿಸಿಕೊಂಡಿದ್ದ ಊರು, ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಯಿತು. ಅದನ್ನು ರಾಮನಗರ ಮಾಡಿದವರು ಕೆಂಗಲ್ ಹನುಮಂತಯ್ಯ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು ಸೇರಿ ಪ್ರತ್ಯೇಕ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಹೆಸರುಗಳು ಹೀಗೆ ಬದಲಾಗುತ್ತಾ ಬಂದರೂ ಬೆಟ್ಟಗಳು ಇದ್ದಲ್ಲೇ ಇವೆ.

ಬೆಟ್ಟಗಳ ಮೇಲೆ ಗುಡಿಗಳಿವೆ, ಕೋಟೆಗಳ ಅವಶೇಷಗಳಿವೆ. ರಾಮದೇವರ ಬೆಟ್ಟದ ಮೇಲೆ ಪಟ್ಟಾಭಿರಾಮನ ಗುಡಿ. ಮಾಗಡಿ ತಾಲ್ಲೂಕಿನ ಸಾವನದುರ್ಗದ ಬುಡದಲ್ಲಿ ವೀರಭದ್ರ ಮತ್ತು ನರಸಿಂಹರ ಗುಡಿಗಳು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆ ಶ್ರೀರಂಗಪಟ್ಟಣದ ಮೇಲೆ ಏರಿಹೋಗುವ ಮುನ್ನ ಈ ದುರ್ಗಗಳನ್ನು ಹಿಡಿಯಬೇಕಾಯಿತು. ಅಭೇದ್ಯವೆನಿಸಿದ್ದ ಸಾವನದುರ್ಗ 1791ರ ಡಿಸೆಂಬರ್ 21ರಂದು ಬಿದ್ದಿತು. ಅದಕ್ಕಾಗಿ ಇಂಗ್ಲಿಷರು ಮೊದಲು ಮಾಡಿದ ಕೆಲಸವೆಂದರೆ ದಟ್ಟವಾದ ಬಿದಿರುಕಾಡನ್ನು ಕಡಿದು ತೋಪುಗಳನ್ನು ಎಳೆದೊಯ್ಯಲು ದಾರಿ ಮಾಡಿದ್ದು. ಸಾವನದುರ್ಗ ಬಿದ್ದ ಮೇಲೆ ರಾಮಗಿರಿ, ಶಿವನಗಿರಿ ಕೋಟೆಗಳು ಹೆಚ್ಚು ಹೋರಾಟವಿಲ್ಲದೆ ಶರಣಾದವು.

ಆ ಸೇನೆಯ ಜೊತೆಯಲ್ಲಿ ಚಿತ್ರಕಾರರೂ ಇದ್ದರು. ರಾಬರ್ಟ್ ಹೋಮ್ ಎಂಬ ಕಲಾವಿದ ಮೈಸೂರು ಸೀಮೆಯ ಕೋಟೆಗಳನ್ನು ಕಂಡಂತೆ ಬರೆದು, 1794ರಲ್ಲಿ ಲಂಡನ್ನಿನಲ್ಲಿ ಚಿತ್ರಗಳ ಪುಸ್ತಕ ತಂದ. ಈ ಬೆಟ್ಟಗಳನ್ನು ದೃಶ್ಯವಾಗಿ ನೋಡಿ ದೂರದ ಪ್ರೇಕ್ಷಕರಿಗೆ ಒಯ್ದವರಲ್ಲಿ ಅವನು ಮೊದಲಿಗರ ಸಾಲಿಗೆ ಸೇರುತ್ತಾನೆ. ಅವನಿಗೆ ಬೇಕಾದದ್ದು ಕಾಗದ, ಬಣ್ಣ ಮತ್ತು ಕುಳಿತುಕೊಳ್ಳಲು ಒಂದು ಜಾಗ. ಅವನು ಎದ್ದುಹೋದ ಮೇಲೆ ಬೆಟ್ಟ ಹೇಗಿತ್ತೋ ಹಾಗೆಯೇ ಉಳಿಯಿತು. ಸುಮಾರು 180 ವರ್ಷಗಳ ನಂತರ ಬಂದವರ ಅಗತ್ಯ ಬೇರೆಯಾಗಿತ್ತು.

ರಾಮಗಢದ ನಿರ್ಮಾಣ

ನಿರ್ಮಾಪಕ ಜಿ.ಪಿ. ಸಿಪ್ಪಿ, ನಿರ್ದೇಶಕ ರಮೇಶ್ ಸಿಪ್ಪಿ ಅವರ ‘ಶೋಲೆ’ ಚಿತ್ರೀಕರಣ ಆರಂಭವಾದದ್ದು 1973ರ ಅಕ್ಟೋಬರ್‌ನಲ್ಲಿ. ದರೋಡೆಕೋರರ ಕತೆಯೆಂದರೆ ಚಂಬಲ್ ಕಣಿವೆ ಎಂಬುದು ಆವರೆಗಿನ ಹಿಂದಿ ಚಿತ್ರಗಳ ವಾಡಿಕೆ. ಆ ವಾಡಿಕೆ ಬಿಟ್ಟು ದಕ್ಷಿಣದ ಬಂಡೆಗಳನ್ನು ಆರಿಸಿಕೊಂಡದ್ದೇ ಚಿತ್ರದ ಅರ್ಧ ರೂಪವನ್ನು ನಿರ್ಧರಿಸಿತು. ಎಪ್ಪತ್ತು ಎಂ.ಎಂ. ಪರದೆಯನ್ನು ತುಂಬಬಲ್ಲ ದೃಶ್ಯ ಅವರಿಗೆ ಬೇಕಾಗಿತ್ತು, ಅದು ಇಲ್ಲಿತ್ತು.

ಕಲಾ ನಿರ್ದೇಶಕ ರಾಮ್ ಯೇಡೇಕರ್ ಅವರ ಪಾಲಿಗೆ ಬಂದದ್ದು ಒಂದೆರಡು ಮನೆಗಳ ಕೆಲಸವಲ್ಲ, ಊರನ್ನೇ ಕಟ್ಟುವ ಕೆಲಸ. ಠಾಕೂರರ ಮನೆ, ಗುಡಿ, ಮಸೀದಿ, ವೀರು ಕುಡಿದು ಹತ್ತಿ ನಿಲ್ಲುವ ನೀರಿನ ಟ್ಯಾಂಕು, ಬಸಂತಿಯ ಟಾಂಗಾ ಓಡುವ ಬೀದಿ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿರಬೇಕು. ಸಾಮಾನು ಸಾಗಿಸಲು, ಜನ ಬಂದುಹೋಗಲು ಹೆದ್ದಾರಿಯಿಂದ ರಸ್ತೆ ಮಾಡಬೇಕಾಯಿತು. 1791ರಲ್ಲಿ ತೋಪು ತಂದವರಿಗೆ ಬೇಕಾದದ್ದೂ ಮೊದಲು ದಾರಿಯೇ ಆಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಬೆಟ್ಟದ ಬಳಿ ಯಾವುದೇ ದೊಡ್ಡ ಕೆಲಸಕ್ಕೆ ಕೈಹಾಕಿದರೂ ಮೊದಲ ಗಾಯ ಬೀಳುವುದು ದಾರಿಯ ಹೆಸರಿನಲ್ಲಿ.

ನೆಲ ಮತ್ತು ಬೆಳಕು ಕಲಾವಿದನ ವೇಳಾಪಟ್ಟಿಯನ್ನು ಕೇಳುವುದಿಲ್ಲ. ಜಯ್ ಬಾಯಿವಾದ್ಯ ನುಡಿಸುತ್ತಿರುವಾಗ ರಾಧಾ ದೀಪಗಳನ್ನು ಆರಿಸುವ ಪುಟ್ಟ ದೃಶ್ಯವನ್ನು ಛಾಯಾಗ್ರಾಹಕ ದ್ವಾರಕಾ ದಿವೇಚಾ ಬಯಸಿದ ಬೆಳಕಿನಲ್ಲಿ ಮುಗಿಸಲು 20 ದಿನಗಳೇ ಹಿಡಿದವು. ಒಟ್ಟು ಕೆಲಸ ಎರಡು ವರ್ಷಗಳನ್ನು ಮೀರಿತು. 1975ರ ಆಗಸ್ಟ್ 15ರಂದು ಚಿತ್ರ ತೆರೆಕಂಡಿತು. ರಾಮನಗರದ ಒಂದು ಭಾಗಕ್ಕೆ ಕೆಲಕಾಲ ‘ಸಿಪ್ಪಿ ನಗರ’ ಎಂಬ ಹೆಸರೇ ಇತ್ತು.

ಚಿತ್ರದ ಸೆಟ್ಟು ಎಂಬುದು ಸ್ವಭಾವದಿಂದಲೇ ತಾತ್ಕಾಲಿಕ. ನೋಡುವವರಿಗೆ ನೂರು ವರ್ಷದ ಊರಿನಂತೆ ಕಾಣಬೇಕು, ಕೆಲಸ ಮುಗಿದ ಮೇಲೆ ಕಳಚಲು ಬರಬೇಕು. ಪ್ರವಾಸಿಗೆ ಇದರಿಂದ ನಿರಾಸೆಯಾಗಬಹುದು. ಬೆಟ್ಟದ ದೃಷ್ಟಿಯಿಂದ ನೋಡಿದರೆ ಅದು ಆ ಯೋಜನೆಯ ಹೆಚ್ಚುಗಾರಿಕೆ ಎನ್ನಬೇಕು.

ಬಂಡೆಗೆ ಬಿದ್ದ ಉಳಿ

ಹತ್ತು ವರ್ಷಗಳ ಅಂತರದಲ್ಲಿ ಇನ್ನೊಂದು ತಂಡ ಬಂತು. ಇ.ಎಂ. ಫಾರ್ಸ್ಟರ್‌ 1924ರಲ್ಲಿ ಪ್ರಕಟಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು ಡೇವಿಡ್ ಲೀನ್ ಚಿತ್ರವಾಗಿಸಲು ಹೊರಟಿದ್ದರು. ಕತೆಯ ತಿರುವು ಇರುವುದು ‘ಮರಬಾರ್’ ಗುಹೆಗಳಲ್ಲಿ. ಅದಕ್ಕೆ ಮೂಲ ಬಿಹಾರದ ಬರಾಬರ್ ಗುಹೆಗಳು. ಅಶೋಕನ ಕಾಲದಲ್ಲಿ ಆಜೀವಿಕ ಸನ್ಯಾಸಿಗಳಿಗಾಗಿ ಗಟ್ಟಿ ಬಂಡೆಯನ್ನು ಕೊರೆದು, ಒಳಗೋಡೆಗಳನ್ನು ಕನ್ನಡಿಯಂತೆ ನಯಗೊಳಿಸಿದ ಗುಹೆಗಳವು. ಲೀನ್ ಅಲ್ಲಿಗೆ ಹೋಗಿ ನೋಡಿದರು. ಹೊರನೋಟ ಸಪ್ಪೆ ಎನಿಸಿತು. ಬೇಕಾದ ಗಾಂಭೀರ್ಯ ಅವರಿಗೆ ಸಾವನದುರ್ಗ ಮತ್ತು ರಾಮದೇವರ ಬೆಟ್ಟಗಳಲ್ಲಿ ಕಂಡಿತು.

ಬೆಟ್ಟ ಸಿಕ್ಕಿತು, ಆದರೆ ಗುಹೆಗಳು ಬೇಕಲ್ಲ! ಚಿತ್ರತಂಡ ಬಂಡೆಯಲ್ಲೇ ಗುಹೆಯ ಬಾಯಿಗಳನ್ನು ಕೊರೆಯಿತು. 1984ರಲ್ಲಿ ತೆರೆಕಂಡ ಆ ಚಿತ್ರ ಎರಡು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ತೆರೆಯ ಮೇಲೆ ಆ ಬೆಟ್ಟ ಎಷ್ಟು ಭವ್ಯವಾಗಿ ಕಂಡಿದೆಯೆಂಬುದನ್ನು ನೋಡಿದವರು ಒಪ್ಪುತ್ತಾರೆ. ಆದರೆ ಎರಡು ಯೋಜನೆಗಳ ನಡುವಿನ ವ್ಯತ್ಯಾಸ ಇಲ್ಲೇ ಇದೆ. ರಾಮಗಢವನ್ನು ನೆಲದ ಮೇಲೆ ಕಟ್ಟಲಾಯಿತು, ಮರಬಾರನ್ನು ಬಂಡೆಯೊಳಗೆ ಕೆತ್ತಲಾಯಿತು. ಕಟ್ಟಿದ್ದನ್ನು ಕಳಚಬಹುದು. 250 ಕೋಟಿ ವರ್ಷದ ಕಲ್ಲಿನಿಂದ ತೆಗೆದ ಚೂರನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಗೂಡಿನ ಪ್ರಶ್ನೆ

‘ಶೋಲೆ’ ಚಿತ್ರೀಕರಣದ ವೇಳೆಗೆ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಒಂದೇ ವರ್ಷವಾಗಿತ್ತು. ರಣಹದ್ದುಗಳು ಆಗ ಅಪರೂಪವೂ ಆಗಿರಲಿಲ್ಲ. ಮುಂದೆ ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಹೊಟ್ಟೆ ಸೇರಿ, ಅವುಗಳ ಸಂತತಿ ದೇಶದಾದ್ಯಂತ ಕುಸಿಯಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಆ ಔಷಧಿಯನ್ನು ನಿಷೇಧಿಸಲಾಯಿತು. ಉದ್ದ ಕೊಕ್ಕಿನ ರಣಹದ್ದುಗಳು ಉಳಿದುಕೊಂಡಿದ್ದ ಕೆಲವೇ ತಾಣಗಳಲ್ಲಿ ರಾಮದೇವರ ಬೆಟ್ಟವೂ ಒಂದು. 2012ರಲ್ಲಿ ಇಲ್ಲಿನ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ದೇಶದಲ್ಲಿ ಇಂಥ ಧಾಮ ಇದೇ ಮೊದಲು.

ಈ ಹಕ್ಕಿ ಗೂಡು ಕಟ್ಟುವುದು ಕಡಿದಾದ ಬಂಡೆಯ ಚಾಚುಗಳಲ್ಲಿ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಸಂತಾನದ ಕಾಲ ಸುಮಾರಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ. ಮಳೆ ನಿಂತು ಆಕಾಶ ತಿಳಿಯಾಗಿರುವ, ಚಿತ್ರೀಕರಣಕ್ಕೂ ಉತ್ಸವಕ್ಕೂ ಹೇಳಿಮಾಡಿಸಿದ ತಿಂಗಳುಗಳೂ ಅವೇ! ಮನುಷ್ಯನ ಹಂಗಾಮು ಮತ್ತು ಹಕ್ಕಿಯ ಹಂಗಾಮು ಒಂದೇ ಆಗಿರುವುದು ಇಲ್ಲಿನ ನಿಜವಾದ ಇಕ್ಕಟ್ಟು. ರಾಮಗಢವನ್ನು ಪ್ರವಾಸಿಗರಿಗಾಗಿ ಮತ್ತೆ ಸೃಷ್ಟಿಸಬೇಕೆಂಬ ಮಾತು ಸರ್ಕಾರದ ಮಟ್ಟದಲ್ಲಿ ಬಂದಾಗ, ಹದ್ದುಗಳ ಗತಿಯೇನು ಎಂಬ ಆಕ್ಷೇಪ ಎದ್ದದ್ದು ಸಹಜವೇ ಆಗಿತ್ತು.

ಇಂಥ ಇಕ್ಕಟ್ಟಿಗೆ ಪರಿಹಾರವಿಲ್ಲದಿಲ್ಲ. ಪ್ಯಾರಿಸ್ಸಿನ ಪ್ರಸಿದ್ಧ ವಿಜಯ ಕಮಾನನ್ನು ಬಟ್ಟೆಯಲ್ಲಿ ಸುತ್ತಬೇಕೆಂಬ ಕಲ್ಪನೆ ಕಲಾವಿದ ಕ್ರಿಸ್ಟೋಗೆ ಬಂದದ್ದು 1960ರ ದಶಕದ ಆರಂಭದಲ್ಲಿ. ಕೊನೆಗೆ ಅನುಮತಿ ಸಿಕ್ಕಿ 2020ರ ವಸಂತಕಾಲಕ್ಕೆ ದಿನ ಗೊತ್ತಾಯಿತು. ಆದರೆ ಕಮಾನಿನ ಸಂದುಗಳಲ್ಲಿ ಸಣ್ಣ ಜಾತಿಯ ಗಿಡುಗಗಳು ಗೂಡು ಕಟ್ಟುವ ಕಾಲವದು ಎಂದು ತಿಳಿದಾಗ ಯೋಜನೆಯನ್ನೇ ಶರತ್ಕಾಲಕ್ಕೆ ಮುಂದೂಡಲಾಯಿತು. ಬಳಿಕ ಕೊರೊನಾ ಕಾರಣದಿಂದ ಇನ್ನೊಂದು ವರ್ಷ ತಡವಾಯಿತು. ಅಷ್ಟರಲ್ಲಿ ಕ್ರಿಸ್ಟೋ ತೀರಿಕೊಂಡಿದ್ದರು. 2021ರ ಸೆಪ್ಟೆಂಬರ್‌ನಲ್ಲಿ 25,000 ಚದರ ಮೀಟರ್ ಬಟ್ಟೆ ಕಮಾನನ್ನು 16 ದಿನ ಮುಚ್ಚಿತು, ನಂತರ ಪೂರ್ತಿ ಇಳಿಯಿತು. ಲಂಡನ್ ಗೋಪುರದ ಒಣಕಂದಕದಲ್ಲಿ 2014ರಲ್ಲಿ ನೆಟ್ಟ 8,88,246 ಮಣ್ಣಿನ ಕೆಂಪು ಹೂಗಳ ಕತೆಯೂ ಇಂಥದೇ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಅದರ ವಸಾಹತುಗಳ ಪರವಾಗಿ ಮಡಿದ ಒಬ್ಬೊಬ್ಬ ಯೋಧನಿಗೆ ಒಂದೊಂದು ಹೂ. ನವೆಂಬರ್‌ನಲ್ಲಿ ನೆನಪಿನ ದಿನ ಕಳೆದ ಮೇಲೆ ಸ್ವಯಂಸೇವಕರು ಅವುಗಳನ್ನು ಕಿತ್ತು ತೆಗೆದರು.

ಹಕ್ಕಿಯ ಗೂಡಿಗೆ ಒಂದು ಮಹಾನಗರದ ಸ್ಮಾರಕ ಕಾಯಬಹುದಾದರೆ ರಾಮದೇವರ ಬೆಟ್ಟವೂ ಕಾಯಬಹುದು. ಹಳೆಯ ತಾಣದಲ್ಲಿ ಹೊಸ ಕಲೆಗೆ ಜಾಗವೇ ಇಲ್ಲವೆಂದು ಇದರ ಅರ್ಥವಲ್ಲ. ಕೋಟೆಯ ಕಲ್ಲಿಗೂ ಬೆಟ್ಟದ ಜೀವಿಗೂ ಮೊದಲ ಹಕ್ಕು ಕೊಟ್ಟು, ಇಳಿಸುವ ದಿನವನ್ನು ಏರಿಸುವ ಮುನ್ನವೇ ಗೊತ್ತುಮಾಡಿಕೊಂಡರೆ ಕಲೆಗೂ ಅಲ್ಲಿ ಜಾಗವುಂಟು. ಚಿತ್ರ ತೆರೆಕಂಡು ಐವತ್ತು ವರ್ಷ ದಾಟಿದ ಮೇಲೂ ಜನ ರಾಮಗಢವನ್ನು ಹುಡುಕಿಕೊಂಡು ಬರುತ್ತಿದ್ದಾರೆ. ಅವರಿಗೆ ಕಾಣುವುದು ಬರೀ ಬಂಡೆ, ಮೇಲೆ ಸುತ್ತುತ್ತಿರುವ ಹದ್ದು. ಚಿತ್ರದಲ್ಲಿ ಅವರು ಮೆಚ್ಚಿದ್ದ ಆ ಬಂಡೆಯಾದರೂ ಇನ್ನೂ ಅಲ್ಲೇ ಇದೆ.