ಪದ ಪರಿಚಯ: ಮಿಶ್ರಲೋಹ

ಸಂಸ್ಕೃತದ ‘ಲೋಹ’ಕ್ಕೆ ಮೊದಲು ಕೆಂಪು, ತಾಮ್ರ ಎಂಬ ಅರ್ಥವಿತ್ತು, ಬರಬರುತ್ತಾ ಕಬ್ಬಿಣವೂ ಲೋಹವಾಯಿತು, ಬೆಳ್ಳಿಬಂಗಾರವೂ ಆಯಿತು. ಬೇರೆಯದನ್ನು ಬೆರೆಸಿ ಕರಗಿಸಿದರೆ ಮಿಶ್ರಲೋಹ. ನಮ್ಮ ಮನೆಯ ಕಂಚು, ಹಿತ್ತಾಳೆ ಇಂಥವೇ.

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಹೆಸರಲ್ಲೇ ಕೆಂಪು ಮಣ್ಣಿದೆ. ಅಲ್ಲಿನ ಅದಿರು ಭದ್ರಾವತಿಯ ಕಾರ್ಖಾನೆಯ ಕುಲುಮೆಗೆ ಹೋಗಿ ಕಬ್ಬಿಣವಾಗುತ್ತಿತ್ತು. ಮುಂದೆ ಅದೇ ಕಾರ್ಖಾನೆ ಮಿಶ್ರಲೋಹದ ಉಕ್ಕನ್ನೂ ತಯಾರಿಸಿತು.

ಪದವೀಗ ವಿಮಾನದ ಎಂಜಿನ್‌ಗೂ ಏರಿದೆ. ನಿಕ್ಕಲ್ ಮಿಶ್ರಲೋಹ ಕಾವು ತಾಳುತ್ತದೆ ನಿಜ, ಆದರೆ ಘನ ಸೆಂಟಿಮೀಟರಿಗೆ ಸುಮಾರು 8 ಗ್ರಾಂ ತೂಗುತ್ತದೆ. ಟೈಟಾನಿಯಂ ಜೊತೆ ಅಲ್ಯೂಮಿನಿಯಂ ಕೂಡಿದ ಟೈಟಾನಿಯಂ ಅಲ್ಯೂಮಿನೈಡ್ ಅದರರ್ಧ, ಸುಮಾರು 4 ಗ್ರಾಂ. ಕಾವು ತುಸು ಇಳಿದಿರುವ ಹಿಂಬದಿಯ ಟರ್ಬೈನ್ ಅಲಗುಗಳಿಗೆ ಅದು ಒಗ್ಗಿದೆ.

ಕಾವು ತಾಳುವ ಇಂಥ ನಿಕ್ಕಲ್ ಮಿಶ್ರಲೋಹಕ್ಕೆ ಇಂಗ್ಲಿಷಿನಲ್ಲಿರುವ ‘ಸೂಪರ್ ಅಲಾಯ್’ ಎಂಬ ಹೆಸರನ್ನು ‘ಅತಿಮಿಶ್ರಲೋಹ’ ಎನ್ನಬೇಡಿ. ‘ಕಾವುತಾಳು ಮಿಶ್ರಲೋಹ’ ಎಂದು ಬರೆಯಿರಿ.