ಕುದುರೆಗೆ ಇರುವ ಲಸಿಕೆ ನಮಗೇಕಿಲ್ಲ?

ಟೆಕ್ಸಾಸ್‌ನಲ್ಲಿ ಕುದುರೆ ಸಾಕುವವರು ಪ್ರತಿ ವರ್ಷ ಸೊಳ್ಳೆಗಳ ಕಾಲಕ್ಕೆ ಮುಂಚೆಯೇ ಅವುಗಳಿಗೆ ವೆಸ್ಟ್ ನೈಲ್ ಲಸಿಕೆ ಹಾಕಿಸುತ್ತಾರೆ. ಆದರೆ ಅದೇ ಸೊಳ್ಳೆ ಕುದುರೆಯ ಯಜಮಾನನನ್ನು ಕಚ್ಚಿದರೆ, ಅವನಿಗೆ ಲಸಿಕೆ ಇಲ್ಲ! ಕುದುರೆಗಳ ಲಸಿಕೆಗೆ ಅಮೆರಿಕದಲ್ಲಿ 2001ರಲ್ಲೇ ಅನುಮತಿ ಸಿಕ್ಕಿತು. ಮನುಷ್ಯರ ಲಸಿಕೆ ಇನ್ನೂ ಏಕೆ ಬಂದಿಲ್ಲ? ಉತ್ತರ ವಿಜ್ಞಾನಕ್ಕಿಂತ ಹೆಚ್ಚಾಗಿ ಇತಿಹಾಸದಲ್ಲಿದೆ.

ಈ ವೈರಸ್ ಮೊದಲು ಪತ್ತೆಯಾದದ್ದು 1937ರಲ್ಲಿ, ಉಗಾಂಡಾದ ವೆಸ್ಟ್ ನೈಲ್ ಜಿಲ್ಲೆಯ ಮಹಿಳೆಯೊಬ್ಬರ ರಕ್ತದಲ್ಲಿ. 1999ರಲ್ಲಿ ನ್ಯೂಯಾರ್ಕ್‌ಗೆ, 2002ರಲ್ಲಿ ಟೆಕ್ಸಾಸ್‌ಗೆ ಬಂತು. ಇದು ಹಕ್ಕಿಗಳಲ್ಲಿ ಬೆಳೆಯುತ್ತದೆ. ಕ್ಯೂಲೆಕ್ಸ್ ಸೊಳ್ಳೆ ಅದನ್ನು ನಮಗೆ ತಲುಪಿಸುತ್ತದೆ. ಸೋಂಕು ತಗುಲಿದ ಹತ್ತರಲ್ಲಿ ಎಂಟು ಜನರಿಗೆ ಏನೂ ಗೊತ್ತಾಗುವುದಿಲ್ಲ. ಸುಮಾರು 150ರಲ್ಲಿ ಒಬ್ಬರಿಗೆ ಮಾತ್ರ ಮಿದುಳು ಅಥವಾ ನರಗಳಿಗೆ ರೋಗ ಹರಡುತ್ತದೆ. ಅರವತ್ತು ದಾಟಿದವರಿಗೆ ಈ ಅಪಾಯ ಹೆಚ್ಚು.

ಟೆಕ್ಸಾಸ್‌ಗೆ ಇಂಥ ರೋಗ ಹೊಸದಲ್ಲ. 1964ರಲ್ಲಿ ಹ್ಯೂಸ್ಟನ್‌ನಲ್ಲಿ ಸೇಂಟ್ ಲೂಯಿಸ್ ಎನ್ಸೆಫಲೈಟಿಸ್ ಎಂಬ ಸೊಳ್ಳೆ ರೋಗ ಹರಡಿತು. ಅದಾದ ಮೇಲೆಯೇ, 1965ರಲ್ಲಿ, ಹ್ಯಾರಿಸ್ ಕೌಂಟಿಯ ಸೊಳ್ಳೆ ನಿಯಂತ್ರಣ ವಿಭಾಗ ಹುಟ್ಟಿತು. ಅದೇ ರೋಗಕ್ಕೆ 1966ರಲ್ಲಿ ಡಲ್ಲಾಸ್ ಮೇಲೆ ವಿಮಾನದಿಂದ ಔಷಧಿ ಸಿಂಪಡಿಸಿದರು. ಮತ್ತೆ ವಿಮಾನಗಳು ಹಾರಿದ್ದು 2012ರ ಆಗಸ್ಟ್‌ನಲ್ಲಿ, ವೆಸ್ಟ್ ನೈಲ್ ಕಾರಣಕ್ಕೆ. ಆ ವರ್ಷ ಟೆಕ್ಸಾಸ್‌ನಲ್ಲಿ 1,868 ಜನರಿಗೆ ಕಾಯಿಲೆ ಬಂತು, 89 ಜನ ತೀರಿಕೊಂಡರು. ಎಲ್ಲಕ್ಕಿಂತ ಹೆಚ್ಚು ನಲುಗಿದ್ದು ಡಲ್ಲಾಸ್ ಸುತ್ತಮುತ್ತ.

ಲಸಿಕೆ ಮಾಡಲು ಯಾರೂ ಪ್ರಯತ್ನಿಸಲಿಲ್ಲ ಎಂದಲ್ಲ. 1930ರ ದಶಕದಲ್ಲಿ ಮ್ಯಾಕ್ಸ್ ಥೈಲರ್ ಹಳದಿ ಜ್ವರಕ್ಕೆ ರೂಪಿಸಿದ 17ಡಿ ಎಂಬ ದುರ್ಬಲ ವೈರಸ್‌ಗೆ ವಿಜ್ಞಾನಿಗಳು ವೆಸ್ಟ್ ನೈಲ್‌ನ ಹೊರಕವಚ ತೊಡಿಸಿದರು. ಈ ಲಸಿಕೆ ಪಡೆದವರ ರಕ್ತದಲ್ಲಿ ಪ್ರತಿಕಾಯಗಳೂ ಬೆಳೆದವು. ಆದರೆ ಇದೂ ಸೇರಿದಂತೆ ಯಾವ ವೆಸ್ಟ್ ನೈಲ್ ಲಸಿಕೆಯೂ ಎರಡನೇ ಹಂತದ ಪರೀಕ್ಷೆ ದಾಟಲಿಲ್ಲ.

ಕುದುರೆಗೆ ಲಸಿಕೆ ಕೊಟ್ಟು, ಬೇಕೆಂದೇ ವೈರಸ್ ಚುಚ್ಚಿ ನೋಡಬಹುದು. ಮನುಷ್ಯರಿಗೆ ಹಾಗೆ ಮಾಡುವಂತಿಲ್ಲ. ರೋಗ ಹರಡುವ ಊರಿನಲ್ಲಿ ಸಾವಿರಾರು ಜನರಿಗೆ ಲಸಿಕೆ ಹಾಕಿ ಕಾಯಬೇಕು. ಆದರೆ ಯಾವ ಊರಿನಲ್ಲಿ? 2012ರಲ್ಲಿ ಡಲ್ಲಾಸ್, 2021ರಲ್ಲಿ ಅರಿಜೋನಾದ ಮ್ಯಾರಿಕೋಪಾ ಕೌಂಟಿ. ಮುಂದಿನದು ಯಾರಿಗೂ ಗೊತ್ತಿಲ್ಲ. ಅಪರೂಪದ ಕಾಯಿಲೆಗೆ ಲಸಿಕೆ ಕೊಳ್ಳುವವರು ಎಷ್ಟು ಜನ ಎಂಬ ಲೆಕ್ಕ ಕಂಪನಿಗಳಿಗೂ ಇದೆ.

ಇದನ್ನು ಕೋಲಾರದ ಕಥೆಯೊಂದಿಗೆ ಹೋಲಿಸಿ. ವೆಸ್ಟ್ ನೈಲ್‌ನ ಹತ್ತಿರದ ಸಂಬಂಧಿ ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ಕರ್ನಾಟಕದಲ್ಲಿ ಮೆದುಳು ಜ್ವರ ಎನ್ನುವ ಕಾಯಿಲೆ. ಅದನ್ನು ಹರಡುವುದೂ ಕ್ಯೂಲೆಕ್ಸ್ ಸೊಳ್ಳೆಯೇ. 1980ರ ದಶಕದ ಆರಂಭದಲ್ಲಿ ಕೋಲಾರದ ರೋಗಿಯೊಬ್ಬರಿಂದ ಈ ವೈರಸ್ ಸಿಕ್ಕಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ಜೋಪಾನವಾಗಿ ಇಟ್ಟುಕೊಂಡಿತ್ತು. ಅದೇ ತಳಿಯಿಂದ ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಜೆನ್‌ವ್ಯಾಕ್ ಲಸಿಕೆ 2013ರಲ್ಲಿ ಬಿಡುಗಡೆಯಾಯಿತು. ಆ ರೋಗ ವರ್ಷ ವರ್ಷವೂ ಬರುತ್ತಿತ್ತು, ಮಕ್ಕಳನ್ನೇ ಹಿಡಿಯುತ್ತಿತ್ತು. ಆದ್ದರಿಂದ ಸರ್ಕಾರವೂ ವಿಜ್ಞಾನಿಗಳೂ ಅದನ್ನು ಮರೆಯಲು ಸಾಧ್ಯವಿರಲಿಲ್ಲ. ವೆಸ್ಟ್ ನೈಲ್ ಒಂದು ವರ್ಷ ಹೆದರಿಸಿ ಮಾಯವಾಗುತ್ತದೆ. ಅದರ ಜೊತೆ ನಮ್ಮ ನೆನಪೂ ಮಾಯವಾಗುತ್ತದೆ.

ಬೇರೆ ದಾರಿಯೂ ಇದೆ. 2023ರಲ್ಲಿ ಅಮೆರಿಕ ಮೊದಲ ಚಿಕೂನ್‌ಗುನ್ಯಾ ಲಸಿಕೆಗೆ ಪ್ರತಿಕಾಯಗಳ ಅಳತೆಯ ಮೇಲೆಯೇ ಅನುಮತಿ ಕೊಟ್ಟಿತು. ಆದರೆ ಗಂಭೀರ ಅಡ್ಡಪರಿಣಾಮಗಳು, ಅದರಲ್ಲೂ ವಯಸ್ಸಾದವರಲ್ಲಿ, ವರದಿಯಾದ ಮೇಲೆ 2025ರ ಆಗಸ್ಟ್‌ನಲ್ಲಿ ಅದರ ಪರವಾನಗಿಯನ್ನು ತಡೆಹಿಡಿಯಲಾಯಿತು. ವೆಸ್ಟ್ ನೈಲ್ ಲಸಿಕೆ ಬೇಕಾಗಿರುವುದೂ ವಯಸ್ಸಾದವರಿಗೇ. ಹಾಗಾಗಿ ಅವಸರ ಮಾಡುವಂತಿಲ್ಲ, ಸುಮ್ಮನೆ ಕೂರುವಂತೆಯೂ ಇಲ್ಲ.

ಊರಿನಿಂದ ನಮ್ಮ ಅಜ್ಜ ಅಜ್ಜಿಯರು ಇಲ್ಲಿಗೆ ಬರುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಬಿಸಿಲು ಇಳಿದ ಮೇಲೆ ವಾಕಿಂಗ್ ಹೋಗುತ್ತಾರೆ. ಕ್ಯೂಲೆಕ್ಸ್ ಕಚ್ಚುವುದೂ ಮುಸ್ಸಂಜೆಯಿಂದ ಮುಂಜಾನೆಯವರೆಗೆ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆ ಆರೋಗ್ಯ ಇಲಾಖೆಯವರು ಸೊಳ್ಳೆ ಹಿಡಿದು ಪರೀಕ್ಷಿಸಿ ಫಲಿತಾಂಶ ಪ್ರಕಟಿಸುತ್ತಾರೆ. ಅದನ್ನು ಓದಿ ಹಿರಿಯರಿಗೆ ಕನ್ನಡದಲ್ಲಿ ಹೇಳುವುದು, ಹೊರಡುವ ಮುಂಚೆ ಅವರ ಕೈಕಾಲಿಗೆ ಸೊಳ್ಳೆ ನಿವಾರಕ ಹಚ್ಚುವುದು, ಹಿತ್ತಲಿನ ಕುಂಡಗಳಲ್ಲಿ ನಿಂತ ನೀರು ಚೆಲ್ಲುವುದು: ಲಸಿಕೆ ಬರುವವರೆಗೆ ಇಷ್ಟು ನಮ್ಮ ಕೈಯಲ್ಲೇ ಇದೆ.